ಛೀಮಾರಿಯೂ ಹೌದು, ತಕರಾರೂ ಹೌದು

ಜರ್ಮನ್ ದಿನಪತ್ರಿಕೆಗಳ ಶೀರ್ಷಿಕೆಗಳಲ್ಲಿ ಒಂದು ಪುಟ್ಟ ಕ್ರಿಯಾಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ರ‍್ಯೂಗೆನ್’. ಸರ್ಕಾರದ ದುಂದುವೆಚ್ಚವನ್ನು ಲೆಕ್ಕಪರಿಶೋಧಕರು ರ‍್ಯೂಗೆನ್ ಮಾಡುತ್ತಾರೆ. ನಿಯಮ ಮೀರಿದ ಸದಸ್ಯ ದೇಶವನ್ನು ಯುರೋಪಿಯನ್ ಕಮಿಷನ್, ಎಡವಿದ ಕೆಳಕೋರ್ಟನ್ನು ಮೇಲಿನ ಕೋರ್ಟು, ನಾಲಗೆ ಸಡಿಲಬಿಟ್ಟ ಸದಸ್ಯನನ್ನು ಸಭಾಧ್ಯಕ್ಷರು ರ‍್ಯೂಗೆನ್ ಮಾಡುತ್ತಾರೆ. ನಿಘಂಟು ತೆರೆದರೆ ಖಂಡಿಸು, ಛೀಮಾರಿ ಹಾಕು, ಆಕ್ಷೇಪಿಸು ಎಂಬ ಅರ್ಥಗಳು ಸಿಗುತ್ತವೆ. ಇದೇ ಸುದ್ದಿಗಳು ನಮ್ಮಲ್ಲಿ ಅಚ್ಚಾದರೆ ‘ಹೈಕೋರ್ಟ್ ಚಾಟಿ’, ‘ಅಧಿಕಾರಿಗಳಿಗೆ ತರಾಟೆ’, ‘ಚಳಿ ಬಿಡಿಸಿದ ಸಚಿವರು’ ಎಂದಾಗುತ್ತಿತ್ತು. ನಮ್ಮ ಈ ಮಾತುಗಳಲ್ಲಿ ಏರಿದ ದನಿ ಕೇಳಿಸುತ್ತದೆ, ಎದುರಿಗಿದ್ದವನ ಬಾಡಿದ ಮುಖ ಕಾಣುತ್ತದೆ. ಜರ್ಮನ್ ಪದ ಓದಿದಾಗ ಅದೆಲ್ಲ ಆಗುವುದಿಲ್ಲ. ಯಾರು ಯಾರ ತಪ್ಪನ್ನು ಎತ್ತಿ ಹೇಳಿದರು ಎಂಬುದಷ್ಟೇ ತಿಳಿಯುತ್ತದೆ. ಆಡಿದವರ ಸಿಟ್ಟು ಎಷ್ಟಿತ್ತು ಎಂಬುದನ್ನು ಆ ಪದ ಹೊತ್ತು ತರುವುದಿಲ್ಲ.

ಉಚ್ಚಾರಣೆಯ ವಿಷಯ ಮೊದಲು ಮುಗಿಸಿಬಿಡೋಣ. ‘ಊ’ ಎನ್ನುವಂತೆ ತುಟಿಯನ್ನು ದುಂಡಗೆ ಮುಂದೆ ಚಾಚಿ, ಅದನ್ನು ಸಡಿಲಿಸದೆ ಒಳಗಿನಿಂದ ‘ಈ’ ಎಂದರೆ ಹೊರಡುವ ಸ್ವರ ಈ ಪದದ ಜೀವ. ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ, ‘ರ‍್ಯೂ’ ಎಂದು ಬರೆದು ಸಮಾಧಾನಪಡಬೇಕು. ಬಾಲ್ಟಿಕ್ ಕಡಲಿನಲ್ಲಿ ಸುಣ್ಣದ ಬೆಳ್ಳನೆಯ ಬಂಡೆಗಳಿಗೆ ಹೆಸರಾದ ರ‍್ಯೂಗೆನ್ ಎಂಬ ದೊಡ್ಡ ದ್ವೀಪವೊಂದಿದೆ. ಕಾಗುಣಿತ ಒಂದೇ ಆದರೂ ಎರಡಕ್ಕೂ ಸಂಬಂಧವಿಲ್ಲ. ಜರ್ಮನ್‌ನಲ್ಲಿ ನಾಮಪದದ ಮೊದಲ ಅಕ್ಷರ ದೊಡ್ಡದು, ಕ್ರಿಯಾಪದದ್ದು ಚಿಕ್ಕದು. ಗೊಂದಲ ಅಷ್ಟರಲ್ಲೇ ಬಗೆಹರಿಯುತ್ತದೆ.

ಜರ್ಮನ್ ಮನೆಯಲ್ಲಿ ತಾಯಿ ಮಗುವಿಗೆ ಬೈಯುವಾಗ ಈ ಕ್ರಿಯಾಪದ ಬಳಸುವುದಿಲ್ಲ. ಅಲ್ಲಿಯದು ‘ಶಿಂಫೆನ್’, ನಮ್ಮ ‘ಬೈಯು’ವಿನಂತೆಯೇ ಅಡುಗೆಮನೆಯಿಂದ ಬೀದಿಯವರೆಗೆ ಎಲ್ಲೆಡೆ ಸಲ್ಲುವ ಮಾತು. ಸ್ನೇಹಿತರು ಒಬ್ಬರಿಗೊಬ್ಬರು ‘ತಲೆ ತೊಳೆಯುತ್ತಾರೆ’. ಇನ್ನೂ ಜೋರಾದ ಬೈಗುಳಕ್ಕೆ ‘ಲೇವಿಯರನ್ನು ಓದಿ ಹೇಳುವುದು’ ಎನ್ನುತ್ತಾರೆ. ಬೈಬಲಿನ ಯಾಜಕಕಾಂಡದ ಕಟ್ಟುಪಾಡುಗಳನ್ನು ಮಠದ ಸನ್ಯಾಸಿಗಳ ಮುಂದೆ ಗಟ್ಟಿಯಾಗಿ ಓದಿ ಬುದ್ಧಿ ಹೇಳುತ್ತಿದ್ದ ಕಾಲದಿಂದ ಉಳಿದ ನುಡಿಗಟ್ಟು ಅದು. ನಾವು ಮಂಗಳಾರತಿ ಎತ್ತುತ್ತೇವೆ, ಸಹಸ್ರನಾಮಾರ್ಚನೆ ಮಾಡುತ್ತೇವೆ. ಬೈಗುಳಕ್ಕೆ ಬೇಕಾದ ಮಾತನ್ನು ಎರಡು ಭಾಷೆಗಳೂ ದೇವರ ಮನೆಯಿಂದಲೇ ಎರವಲು ತಂದಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಈ ಎಲ್ಲ ಮಾತುಗಳಿಂದ ರ‍್ಯೂಗೆನ್ ದೂರ ನಿಲ್ಲುತ್ತದೆ. ಹೆಂಡತಿ ಗಂಡನಿಗೆ ‘ನಿನ್ನನ್ನು ರ‍್ಯೂಗೆನ್ ಮಾಡುತ್ತೇನೆ’ ಎಂದರೆ ಅಲ್ಲಿನ ಕಿವಿಗೆ ಅದು ಮನೆಗೆ ನೋಟಿಸ್ ಅಂಟಿಸಿದಂತೆ ಕೇಳಿಸುತ್ತದೆ.

ಹತ್ತಿರದ ಇನ್ನೊಂದು ಪದ ‘ಟಾಡೆಲ್ನ್’. ದೂಷಿಸುವುದು, ಕೊರತೆ ಎತ್ತಿ ತೋರಿಸುವುದು ಎಂದು ಅರ್ಥ. ಅದರ ಮೂಲದಲ್ಲಿರುವ ನಾಮಪದಕ್ಕೆ ಕಲೆ, ಕುಂದು ಎಂಬ ಅರ್ಥವಿದ್ದುದರಿಂದ ‘ಟಾಡೆಲ್‌ಲೋಸ್’ ಎಂದರೆ ಕುಂದಿಲ್ಲದ್ದು, ಒಳ್ಳೆಯ ಹೊಗಳಿಕೆ. ಟಾಡೆಲ್ನ್ ಮಾಡುವವನು ಮನುಷ್ಯನ ಗುಣವನ್ನೇ ತೂಗುತ್ತಾನೆ. ರ‍್ಯೂಗೆನ್ ಮಾಡುವವನು ಒಂದು ನಿರ್ದಿಷ್ಟ ಕೃತ್ಯವನ್ನು ಹಿಡಿದು, ಇದು ನಿಯಮಕ್ಕೆ ಹೊರತು ಎಂದು ಹೇಳಿ ನಿಲ್ಲಿಸುತ್ತಾನೆ. ವ್ಯಾಕರಣದಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಕ್ರಿಯಾಪದಕ್ಕೆ ವ್ಯಕ್ತಿಯನ್ನು ಕರ್ಮವಾಗಿಸಿದರೆ ಇಂಥ ಕಾರಣಕ್ಕೆ ಎಂದು ‘ವೇಗೆನ್’ ಹಚ್ಚಿ ಹೇಳುವುದು ವಾಡಿಕೆ. ಅಥವಾ ವ್ಯಕ್ತಿಯ ಹೆಸರನ್ನೇ ಎತ್ತದೆ ಆತನ ವರ್ತನೆಯನ್ನು ಮಾತ್ರ ಕರ್ಮವಾಗಿಸಬಹುದು. ಮನುಷ್ಯನನ್ನು ಬಿಟ್ಟು ತಪ್ಪನ್ನಷ್ಟೇ ಹಿಡಿಯಲು ಭಾಷೆಯೇ ಜಾಗ ಕೊಟ್ಟಿದೆ. ಇದನ್ನು ನಾನು ಸಣ್ಣ ಸೌಜನ್ಯ ಎಂದು ತಿಳಿದಿಲ್ಲ.

ಕಚೇರಿಯ ಕಡತದಲ್ಲಿ ಇದೇ ಕ್ರಿಯಾಪದ ನಾಮಪದವಾಗಿ ‘ರ‍್ಯೂಗೆ’ ಎಂದಾಗುತ್ತದೆ. ಅದನ್ನು ‘ನೀಡುತ್ತಾರೆ’, ‘ಉಚ್ಚರಿಸುತ್ತಾರೆ’, ಪಡೆದವನು ‘ಸ್ವೀಕರಿಸುತ್ತಾನೆ’. ಪ್ರಶಸ್ತಿ ಪತ್ರಕ್ಕೆ ಬಳಸುವ ಕ್ರಿಯಾಪದಗಳೇ ಇದಕ್ಕೂ ಸಲ್ಲುತ್ತವೆ. ಆದರೆ ಅದರ ತೂಕ ಎಷ್ಟು? ಇಲ್ಲಿ ಜರ್ಮನ್ ಕಾನೂನು ಎಳೆ ಎಳೆಯಾಗಿ ಯೋಚಿಸಿದೆ. ಒಕ್ಕೂಟದ ಸರ್ಕಾರಿ ನೌಕರರಿಗೆ ಅನ್ವಯಿಸುವ ಶಿಸ್ತು ಕಾಯಿದೆ 2002ರಿಂದ ಜಾರಿಯಲ್ಲಿದೆ. ಅದರಲ್ಲಿ ಐದು ಮೆಟ್ಟಿಲಿನ ಶಿಕ್ಷೆಗಳಿವೆ: ಲಿಖಿತ ಛೀಮಾರಿ, ದಂಡ, ಸಂಬಳ ಕಡಿತ, ಹಿಂಬಡ್ತಿ, ವಜಾ. ಮೊದಲ ಮೆಟ್ಟಿಲಾದ ಲಿಖಿತ ಛೀಮಾರಿಯ ಹೆಸರು ‘ಫೆರ್‌ವೈಸ್’. ಕಾಯಿದೆಯ 6ನೇ ಕಲಂ ಅದನ್ನು ವಿವರಿಸಿದ ಮೇಲೆ ಒಂದು ಮುಖ್ಯ ಮಾತು ಸೇರಿಸುತ್ತದೆ. ಮೇಲಧಿಕಾರಿ ತಿದ್ದಿ ಹೇಳಿರಬಹುದು, ಎಚ್ಚರಿಸಿರಬಹುದು, ರ‍್ಯೂಗೆ ನೀಡಿರಬಹುದು. ಫೆರ್‌ವೈಸ್ ಎಂದು ಸ್ಪಷ್ಟವಾಗಿ ಹೆಸರಿಸದ ಹೊರತು ಅವು ಯಾವುವೂ ಶಿಸ್ತುಕ್ರಮವಲ್ಲ.

ಸಾಹೇಬರ ಮುಖ ಕೆಂಪಾದ ಮಾತ್ರಕ್ಕೆ ನೌಕರನ ಸೇವಾಪುಸ್ತಕಕ್ಕೆ ಕಪ್ಪು ಚುಕ್ಕೆ ಬೀಳಬಾರದು ಎಂಬ ಕಾಳಜಿ ಆ ಕಲಮಿನ ಹಿಂದಿದೆ. ನಮ್ಮಲ್ಲೂ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು ವಾಗ್ದಂಡನೆಯನ್ನು ಶಿಕ್ಷೆಗಳ ಪಟ್ಟಿಯಲ್ಲೇ ಇಟ್ಟಿವೆ, ಅದನ್ನು ವಿಧಿಸಲು ಕ್ರಮವೊಂದನ್ನು ಗೊತ್ತುಮಾಡಿವೆ. ಎರಡೂ ಕಡೆ ಆಶಯ ಒಂದೇ. ಬೈಗುಳ ಬೇರೆ, ದಂಡನೆ ಬೇರೆ. ಸಭೆಯಲ್ಲಿ ಎಲ್ಲರೆದುರು ಬೈಸಿಕೊಂಡ ಕಿರಿಯ ನೌಕರನಿಗೆ ಈ ಭೇದ ಪುಸ್ತಕದ ಮಾತಲ್ಲ, ಬಡ್ತಿಯ ಪ್ರಶ್ನೆ.

ಖಾಸಗಿ ಕೆಲಸದಲ್ಲಿ ಇದಕ್ಕೆ ಸರಿಸಾಟಿಯಾದದ್ದು ‘ಆಪ್‌ಮಾನುಂಗ್’ ಎಂಬ ಎಚ್ಚರಿಕೆ ಪತ್ರ. ಜರ್ಮನಿಗೆ ಕೆಲಸಕ್ಕೋ ಓದಿಗೋ ಹೋಗಿರುವ ನಮ್ಮ ಹುಡುಗ ಹುಡುಗಿಯರು ಈ ಒಂದು ಪದವನ್ನಾದರೂ ಬಾಯಿಪಾಠ ಮಾಡಿಕೊಂಡಿರಬೇಕು. ಆ ಪತ್ರ ಮೂರು ಕೆಲಸ ಮಾಡಬೇಕೆಂದು ಅಲ್ಲಿನ ಕಾರ್ಮಿಕ ಕಾನೂನು ಬಯಸುತ್ತದೆ. ಏನು ನಡೆಯಿತೆಂದು ನಿಖರವಾಗಿ ಹೇಳಬೇಕು. ಅದು ಒಪ್ಪಂದಕ್ಕೆ ವಿರುದ್ಧ ಎಂದು ಸಾರಬೇಕು. ಮತ್ತೆ ಹೀಗಾದರೆ ಕೆಲಸ ಹೋಗುತ್ತದೆಂದು ಎಚ್ಚರಿಸಬೇಕು. ನಡುವಿನ ಕೆಲಸಕ್ಕೆ ವಕೀಲರು ಇಟ್ಟ ಹೆಸರೇ ಪತ್ರದ ‘ರ‍್ಯೂಗೆ’ಯ ಪಾತ್ರ. ಕೃತಿಸ್ವಾಮ್ಯವಿರುವ ಸಿನಿಮಾವನ್ನು ಟೊರೆಂಟ್‌ನಿಂದ ಇಳಿಸಿಕೊಂಡ ವಿದ್ಯಾರ್ಥಿಯ ಬಾಡಿಗೆ ಕೋಣೆಗೆ ವಕೀಲರ ಕಚೇರಿಯಿಂದ ಬರುವ, ನೂರಾರು ಯೂರೋ ಕೇಳುವ ಪತ್ರಕ್ಕೂ ಆಪ್‌ಮಾನುಂಗ್ ಎಂದೇ ಹೆಸರು. ಅದನ್ನು ಬುದ್ಧಿಮಾತೆಂದು ಭಾವಿಸಿ ಮೇಜಿನ ಮೇಲೆ ಬಿಟ್ಟರೆ ಪತ್ರದಲ್ಲಿ ಕೊಟ್ಟ ಗಡುವು ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ ಪತ್ರಕ್ಕೂ ವಜಾಕ್ಕೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಜರ್ಮನಿಯ ಜನಸಾಮಾನ್ಯರಿಗೆ ಮನದಟ್ಟು ಮಾಡಿದ್ದು ಬರ್ಲಿನ್‌ನ ಸೂಪರ್ ಮಾರ್ಕೆಟ್ ಒಂದರ ಕ್ಯಾಷಿಯರ್. ಪತ್ರಿಕೆಗಳು ಅವರನ್ನು ‘ಎಮ್ಮೆಲಿ’ ಎಂದು ಕರೆದವು. ಅಲ್ಲಿ ಖಾಲಿ ಬಾಟಲಿ ಹಿಂತಿರುಗಿಸಿದರೆ ಠೇವಣಿ ಹಣಕ್ಕೆ ಚೀಟಿ ಕೊಡುತ್ತಾರೆ. ಯಾರೋ ಗಿರಾಕಿ ಬಿಟ್ಟುಹೋದ ಅಂಥ ಎರಡು ಚೀಟಿಗಳನ್ನು, ಒಂದು 48 ಸೆಂಟಿನದು ಇನ್ನೊಂದು 82 ಸೆಂಟಿನದು, ಎಮ್ಮೆಲಿ ತಮ್ಮ ಸ್ವಂತ ಖರೀದಿಗೆ ಬಳಸಿದರು ಎಂಬುದು ಆರೋಪ. ಒಟ್ಟು 1.30 ಯೂರೋ. ಮೂವತ್ತೊಂದು ವರ್ಷ ದುಡಿದವರನ್ನು 2008ರಲ್ಲಿ ಕೆಲಸದಿಂದ ತೆಗೆದರು. ಬರ್ಲಿನ್‌ನ ಎರಡು ಹಂತದ ಕಾರ್ಮಿಕ ನ್ಯಾಯಾಲಯಗಳು ಮಾಲೀಕರ ಪರ ನಿಂತವು. ಎರ್ಫುರ್ಟ್‌ನಲ್ಲಿರುವ ಒಕ್ಕೂಟ ಕಾರ್ಮಿಕ ನ್ಯಾಯಾಲಯ 2010ರ ಜೂನ್ 10ರಂದು ಅದನ್ನು ತಿರುಗಿಸಿತು. ತಪ್ಪು ತಪ್ಪೇ, ಗಂಭೀರವೇ. ಆದರೆ ದಶಕಗಳ ಕಾಲ ದೂರಿಲ್ಲದೆ ದುಡಿದು ಗಳಿಸಿದ ನಂಬಿಕೆ ಅಷ್ಟರಿಂದ ಪೂರ್ತಿ ಕರಗದು, ಒಂದು ಆಪ್‌ಮಾನುಂಗ್ ಸಾಕಿತ್ತು ಎಂಬುದು ತೀರ್ಪಿನ ತಿರುಳು. ಎಮ್ಮೆಲಿ ಮತ್ತೆ ಕೆಲಸಕ್ಕೆ ಸೇರಿದರು. ಛೀಮಾರಿ ಎಂಬ ಮೆಟ್ಟಿಲು ಇರುವುದೇ ಮನುಷ್ಯನನ್ನು ನೇರ ಹೊರಗೆ ತಳ್ಳಬಾರದೆಂದು. ಆ ಅರ್ಥದಲ್ಲಿ ಛೀಮಾರಿಯೂ ಒಂದು ರಕ್ಷಣೆ.

ರ‍್ಯೂಗೆ ಎಂಬ ಪದ ಜರ್ಮನ್ ಓದುಗರ ಬಾಯಲ್ಲಿ ಹೆಚ್ಚು ಹರಿದಾಡುವುದು ಮಾತ್ರ ಪತ್ರಿಕಾ ಮಂಡಳಿಯಿಂದ. ಐವತ್ತರ ದಶಕದಲ್ಲಿ ಚಾನ್ಸಲರ್ ಅಡೆನೌವರ್ ಅವರ ಸರ್ಕಾರ ಪತ್ರಿಕೆಗಳಿಗೆ ಒಕ್ಕೂಟದ ಕಾನೂನೊಂದನ್ನು ತರಲು ಯೋಚಿಸಿದಾಗ, ಸರ್ಕಾರದ ಕಾವಲಿಗಿಂತ ನಮ್ಮ ಕಾವಲೇ ಲೇಸೆಂದು ಪ್ರಕಾಶಕರೂ ಪತ್ರಕರ್ತರೂ ಸೇರಿ 1956ರಲ್ಲಿ ಅದನ್ನು ಕಟ್ಟಿದರು. ನೀತಿಸಂಹಿತೆ ಬಂದದ್ದು 1973ರಲ್ಲಿ. ಯಾರು ಬೇಕಾದರೂ ದೂರು ಕೊಡಬಹುದು, ಶುಲ್ಕವಿಲ್ಲ. ದೂರು ಹುರುಳುಳ್ಳದ್ದಾದರೆ ಮಂಡಳಿಯ ಬಳಿ ಮೂರು ಅಸ್ತ್ರಗಳಿವೆ. ಹಗುರವಾದದ್ದು ‘ಹಿನ್‌ವೈಸ್’, ಗಮನಕ್ಕೆ ತರುವುದು. ನಡುವಿನದು ‘ಮಿಸ್‌ಬಿಲ್ಲಿಗುಂಗ್’, ಇದು ಸಮ್ಮತವಲ್ಲ ಎನ್ನುವುದು. ಕೊನೆಯದೇ ರ‍್ಯೂಗೆ. ದಂಡವಿಲ್ಲ, ಪರವಾನಗಿ ರದ್ದತಿಯಿಲ್ಲ. ಬಹಿರಂಗ ರ‍್ಯೂಗೆ ಪಡೆದ ಪತ್ರಿಕೆ ಅದನ್ನು ತನ್ನದೇ ಪುಟದಲ್ಲಿ ಅಚ್ಚುಮಾಡಬೇಕು, ಸಂಹಿತೆಯ 16ನೇ ಅಂಶ ಕೇಳುವುದು ಅಷ್ಟನ್ನೇ.

ಅಷ್ಟೇನಾ ಎಂದು ಕೇಳುವವರಿದ್ದಾರೆ. ಹಲ್ಲಿಲ್ಲದ ಹಾವು ಎಂದು ಮಂಡಳಿಯನ್ನು ಹಳಿಯುವವರು ಜರ್ಮನಿಯಲ್ಲೇ ಬೇಕಾದಷ್ಟು ಮಂದಿ. ದಶಕಗಳಿಂದ ಅತಿ ಹೆಚ್ಚು ರ‍್ಯೂಗೆ ಪಡೆಯುತ್ತ ಬಂದಿರುವ ‘ಬಿಲ್ಡ್’ ಪತ್ರಿಕೆಯ ದಾರಿ ಅದರಿಂದ ಬದಲಾಗಿಲ್ಲ ಎಂಬ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ತನ್ನ ತಪ್ಪನ್ನು ತನ್ನ ಓದುಗರ ಮುಂದೆ ತಾನೇ ಅಚ್ಚುಹಾಕಿಕೊಳ್ಳುವುದು ಸಂಪಾದಕನಿಗೆ ದಂಡ ಕಟ್ಟುವುದಕ್ಕಿಂತ ಕಷ್ಟದ್ದು ಎಂದೇ ನನ್ನ ನಂಬಿಕೆ. ದಂಡವನ್ನು ಲೆಕ್ಕದ ವಿಭಾಗ ಕಟ್ಟಿ ಮರೆಯುತ್ತದೆ, ಅಚ್ಚಾದ ರ‍್ಯೂಗೆ ಆ ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಇನ್ನೊಂದು ನಾಜೂಕಿನ ಏರ್ಪಾಟೂ ಇದೆ. ತಪ್ಪು ವರದಿಯಿಂದ ನೊಂದವರ ಹೆಸರು, ಮುಖ, ಸಂಕಟ ಇನ್ನೊಮ್ಮೆ ಬೀದಿಗೆ ಬರುವಂತಿದ್ದರೆ ಮಂಡಳಿ ‘ಅಪ್ರಕಟಿತ ರ‍್ಯೂಗೆ’ ನೀಡುತ್ತದೆ. ಪತ್ರಿಕೆಗೆ ತಿಳಿಯುತ್ತದೆ, ಊರಿಗೆ ಡಂಗುರವಿಲ್ಲ.

ಮಂಡಳಿಯ ಸಂಹಿತೆಗೆ ಹೊಸ ನಿಯಮ ಸೇರಿದ್ದು ಹೇಗೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 1988ರ ಆಗಸ್ಟಿನಲ್ಲಿ ಗ್ಲಾಡ್‌ಬೆಕ್ ಎಂಬ ಊರಿನಲ್ಲಿ ಬ್ಯಾಂಕ್ ದೋಚಿದ ಇಬ್ಬರು ಒತ್ತೆಯಾಳುಗಳೊಂದಿಗೆ ಊರೂರು ಅಲೆದಾಗ, ವರದಿಗಾರರು ಕಲೋನ್ ನಗರದ ನಡುಬೀದಿಯಲ್ಲಿ ಅವರ ಕಾರನ್ನು ಮುತ್ತಿ ಮೈಕು ಚಾಚಿದರು. ಪಿಸ್ತೂಲು ಹಿಡಿದವನು ಮಾತಾಡಿದ, ದೇಶ ಟೀವಿಯಲ್ಲಿ ನೋಡಿತು. ಇಬ್ಬರು ಎಳೆಯ ಒತ್ತೆಯಾಳುಗಳು ಪ್ರಾಣ ಕಳೆದುಕೊಂಡರು. ಕೃತ್ಯ ನಡೆಯುತ್ತಿರುವಾಗ ಅಪರಾಧಿಗಳ ಸಂದರ್ಶನ ಕೂಡದು ಎಂಬ ನಿಯಮ ಆಮೇಲೆ ಸಂಹಿತೆಗೆ ಸೇರಿತು. ರ‍್ಯೂಗೆ ನೀಡಬೇಕಾದರೆ ಮೊದಲು ನಿಯಮವಿರಬೇಕು, ಯಾವ ನಿಯಮ ಮುರಿಯಿತೆಂದು ಬೆರಳಿಟ್ಟು ತೋರಿಸಬೇಕು. ಅಸಹ್ಯವಾಯಿತು ಎಂದರೆ ಸಾಲದು. ನಮ್ಮ ಪ್ರೆಸ್ ಕೌನ್ಸಿಲ್‌ಗೂ 1978ರ ಕಾಯಿದೆಯ 14ನೇ ಕಲಂ ಎಚ್ಚರಿಸುವ, ಬುದ್ಧಿ ಹೇಳುವ, ಖಂಡಿಸುವ ಅಧಿಕಾರವನ್ನು ಕೊಟ್ಟಿದೆ. ಆ ಮೂರು ಮೆಟ್ಟಿಲುಗಳ ಅಂತರ ನಮ್ಮ ಓದುಗರಿಗೆ ಎಷ್ಟು ಪರಿಚಿತ ಎಂಬುದು ಬೇರೆ ಮಾತು.

ಇಲ್ಲಿಯವರೆಗೆ ಕಂಡದ್ದು ಮೇಲಿನಿಂದ ಕೆಳಕ್ಕೆ ಬರುವ, ಇಲ್ಲವೇ ಸಮಾನರ ನಡುವಿನ ರ‍್ಯೂಗೆ. ಜರ್ಮನ್ ಕಲಿಯುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತಾರೆ. ಪದದ ನಿಜವಾದ ಸ್ವಾರಸ್ಯ ಇರುವುದು ಇದರ ಆಚೆಗೆ.

ಪೀಣ್ಯದ ಕಾರ್ಖಾನೆಯೊಂದು ಜರ್ಮನಿಯ ಯಂತ್ರ ತಯಾರಕರಿಗೆ ಬಿಡಿಭಾಗ ಕಳುಹಿಸಿದೆ ಎಂದುಕೊಳ್ಳಿ. ಸರಕು ತಲುಪಿದ ಕೆಲವು ದಿನಗಳಲ್ಲಿ ‘ಮೆಂಗೆಲ್‌ರ‍್ಯೂಗೆ’ ಎಂಬ ತಲೆಬರಹದ ಪತ್ರ ಬರುತ್ತದೆ. ಪದಶಃ ತಿರುಗಿಸಿದರೆ ‘ದೋಷದ ಛೀಮಾರಿ’. ಮಾಲೀಕರು ನೊಂದುಕೊಳ್ಳಬೇಕಿಲ್ಲ. ಬೈಗುಳ ಅದರಲ್ಲಿ ಇರುವುದಿಲ್ಲ. ಇಂಥ ತಾರೀಖು ಬಂದ ಸರಕಿನಲ್ಲಿ ಇಷ್ಟು ತುಂಡುಗಳ ಅಳತೆ ತಪ್ಪಿದೆ ಎಂಬ ಒಕ್ಕಣೆ ಇರುತ್ತದೆ. ಕೊಂಡವನು ಅದನ್ನು ಬರೆಯಲೇಬೇಕು. 1900ರ ಜನವರಿ 1ರಿಂದ ಜಾರಿಯಲ್ಲಿರುವ ಜರ್ಮನ್ ವಾಣಿಜ್ಯ ಸಂಹಿತೆಯ 377ನೇ ಕಲಮಿನ ಪ್ರಕಾರ, ವ್ಯಾಪಾರಿಗಳ ನಡುವಿನ ಖರೀದಿಯಲ್ಲಿ ಸರಕು ಕೈಸೇರಿದ ಕೂಡಲೇ ಪರೀಕ್ಷಿಸಿ, ದೋಷ ಕಂಡರೆ ತಡಮಾಡದೆ ತಿಳಿಸಬೇಕು. ತಿಳಿಸದಿದ್ದರೆ ಸರಕನ್ನು ಒಪ್ಪಿಕೊಂಡಂತೆಯೇ. ಒಳಗೆ ಅಡಗಿದ್ದ ದೋಷವಾದರೆ ಕಂಡ ಕ್ಷಣದಿಂದ ಲೆಕ್ಕ. ಮಾರಿದವನು ಬೇಕೆಂದೇ ಮುಚ್ಚಿಟ್ಟಿದ್ದರೆ ಮಾತ್ರ ಈ ಕಟ್ಟು ಸಡಿಲ. ಬೇಗ ಕೊಳೆಯುವ ಹಣ್ಣು ತರಕಾರಿಗೆ ದಿನಗಳಲ್ಲ, ಗಂಟೆಗಳ ಲೆಕ್ಕ ಹಾಕುತ್ತಾರೆ. ಮನೆಬಳಕೆಗೆ ಕೊಳ್ಳುವ ಗಿರಾಕಿಗೆ ಇದು ಅನ್ವಯಿಸುವುದಿಲ್ಲ.

ಇಲ್ಲಿ ರ‍್ಯೂಗೆನ್ ಮಾಡುವವನಿಗೆ ಯಾವ ಗದ್ದುಗೆಯೂ ಇಲ್ಲ. ಅವನು ನಷ್ಟಕ್ಕೆ ಒಳಗಾದವನು. ಅವನ ಮಾತು ಛೀಮಾರಿಯಂತಲ್ಲ, ನಮ್ಮ ಕಂದಾಯ ಕಚೇರಿಗಳಲ್ಲಿ ಸಲ್ಲಿಸುವ ತಕರಾರು ಅರ್ಜಿಯಂತೆ ಕೆಲಸ ಮಾಡುತ್ತದೆ. ಖಾತೆ ಬದಲಾವಣೆಯ ನೋಟಿಸು ನೋಡಿ, ಇದು ಸರಿಯಲ್ಲ ಎಂದು ಗಡುವಿನೊಳಗೆ ಬರೆದುಕೊಡುವ ರೈತ ಗ್ರಾಮ ಆಡಳಿತಾಧಿಕಾರಿಯನ್ನಾಗಲಿ ತಹಶೀಲ್ದಾರರನ್ನಾಗಲಿ ಬೈಯುತ್ತಿಲ್ಲ, ತನ್ನ ಹಕ್ಕು ಕೈಬಿಟ್ಟಿಲ್ಲವೆಂದು ದಾಖಲಿಸುತ್ತಿದ್ದಾನೆ. ಕನ್ನಡದಲ್ಲಿ ಛೀಮಾರಿ ಒಂದು ಪದ, ತಕರಾರು ಇನ್ನೊಂದು ಪದ. ಒಂದು ಕುರ್ಚಿಯಿಂದ ಬರುವುದು, ಇನ್ನೊಂದು ಕುರ್ಚಿಯ ಎದುರು ನಿಂತವನದು. ಜರ್ಮನ್ ಎರಡಕ್ಕೂ ಒಂದೇ ಕ್ರಿಯಾಪದವನ್ನು ಬಳಸುತ್ತದೆ.

ಇದು ಹೇಗಾಯಿತು ಎಂಬುದಕ್ಕೆ ಪದದ ಹುಟ್ಟಿನತ್ತ ನೋಡಬೇಕು. ಪ್ರಾಚೀನ ಜರ್ಮನ್‌ನ ‘ರುಓಗೆನ್’ ಎಂಬ ರೂಪಕ್ಕೆ ಬೈಯುವ ಅರ್ಥವೇ ಇರಲಿಲ್ಲ. ಆರೋಪ ಹೊರಿಸು, ದೂರು ಹೇಳು ಎಂಬುದು ಅದರ ಅರ್ಥ. ನಾಲ್ಕನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲಾ ಬೈಬಲನ್ನು ಗಾಥಿಕ್ ಭಾಷೆಗೆ ತಂದಾಗ, ರೋಮನ್ ಅಧಿಪತಿ ಪಿಲಾತನ ಮುಂದೆ ಮುಖ್ಯಯಾಜಕರು ಯೇಸುವಿನ ಮೇಲೆ ದೂರುಗಳನ್ನು ಹೊರಿಸಿದ ಮಾರ್ಕನ ಸುವಾರ್ತೆಯ ಸಂದರ್ಭಕ್ಕೆ ಬಳಸಿದ್ದು ಇದೇ ಬೇರಿನ ‘ವ್ರೋಹ್ಯಾನ್’ ಎಂಬ ಕ್ರಿಯಾಪದವನ್ನು. ಅಂದರೆ ಮೊದಲಿಗೆ ಇದು ತೀರ್ಪು ಕೊಡುವವನ ಮಾತಾಗಿರಲಿಲ್ಲ. ತೀರ್ಪು ಕೊಡುವವನ ಮುಂದೆ ನಿಂತು ಮಾತಾಡುವವನದಾಗಿತ್ತು.

ಮಧ್ಯಯುಗದಲ್ಲಿ ಈ ದೂರು ಒಂದು ಕರ್ತವ್ಯವೇ ಆಯಿತು. ಪ್ರ್ಯೂಮ್ ಮಠದ ಅಧಿಪತಿಯಾಗಿದ್ದ ರೆಗಿನೋ ಸುಮಾರು 906ರಲ್ಲಿ ಬರೆದ ಕೈಪಿಡಿ ಅದರ ವಿಧಾನವನ್ನು ತಿಳಿಸುತ್ತದೆ. ಬಿಷಪ್ ಊರಿಗೆ ಬಂದು ಕುಳಿತಾಗ ನಂಬಿಕಸ್ಥರಾದ ಏಳು ಜನರನ್ನು ಆರಿಸಿ ಪ್ರಮಾಣ ಮಾಡಿಸುತ್ತಿದ್ದರು. ತಮಗೆ ಗೊತ್ತಿರುವ ಊರಿನ ಪಾಪಕೃತ್ಯಗಳನ್ನು ದ್ವೇಷಕ್ಕೂ ಸ್ನೇಹಕ್ಕೂ ಮಣಿಯದೆ ಅವರು ಹೇಳಬೇಕಿತ್ತು. ಮುಂದೆ ಇಂಥ ಸಭೆಗಳಿಗೆ, ಹಳ್ಳಿಯ ಪಂಚಾಯಿತಿಯಂಥ ನ್ಯಾಯಾಲಯಗಳಿಗೂ ‘ರ‍್ಯೂಗೆ ಗೆರಿಖ್ಟ್’, ಅಂದರೆ ದೂರಿನ ನ್ಯಾಯಸ್ಥಾನ ಎಂಬ ಹೆಸರು ನಿಂತಿತು. ದೂರುವವನಿಲ್ಲದಿದ್ದರೆ ತೀರ್ಪುಗಾರನೂ ಇಲ್ಲ ಎಂದು ಇವತ್ತಿಗೂ ಜರ್ಮನರು ಗಾದೆಯಾಗಿ ಹೇಳುತ್ತಾರೆ. ಕಾಲ ಕಳೆದಂತೆ ದೂರಿನ ಅರ್ಥ ಹಿಂದೆ ಸರಿದು, ದೂರಿನ ಕೊನೆಗೆ ಬರುವ ಖಂಡನೆಯ ಅರ್ಥ ಮುಂದೆ ಬಂತು. ನ್ಯಾಯಾಲಯದ ಭಾಷೆ ಮಾತ್ರ ಹಳೆಯದನ್ನು ಬಿಟ್ಟುಕೊಡಲಿಲ್ಲ.

ಈ ಪದಕ್ಕೆ ಕರಾಳ ಚರಿತ್ರೆಯೂ ಇದೆ. ಮೇಲಿನ ಬವೇರಿಯಾದ ಹಳ್ಳಿಗಳಲ್ಲಿ ಹದಿನೆಂಟು ಹತ್ತೊಂಬತ್ತನೆಯ ಶತಮಾನದಲ್ಲಿ ‘ಹಾಬರ್‌ಫೆಲ್ಡ್‌ಟ್ರೈಬನ್’ ಎಂಬ ಪದ್ಧತಿಯಿತ್ತು. ರಾತ್ರಿ ಮುಖಕ್ಕೆ ಮಸಿ ಬಳಿದುಕೊಂಡ ಗಂಡಸರ ಗುಂಪು ಒಬ್ಬರ ಮನೆಯ ಮುಂದೆ ನೆರೆದು, ಡೋಲು ಗಂಟೆಗಳ ಗದ್ದಲದ ನಡುವೆ, ಉಂಟರ್ಸ್‌ಬೆರ್ಗ್ ಬೆಟ್ಟದೊಳಗೆ ಮಲಗಿದ್ದಾನೆಂದು ದಂತಕಥೆ ಹೇಳುವ ಕಾರ್ಲ್ ಚಕ್ರವರ್ತಿಯ ಹೆಸರಿನಲ್ಲಿ ಆ ಮನೆಯವರ ತಪ್ಪುಗಳನ್ನು ಪ್ರಾಸಬದ್ಧವಾಗಿ ಕೂಗಿ ಹೇಳುತ್ತಿತ್ತು. ಮೊದಮೊದಲು ಗುರಿಯಾದವರು ಮದುವೆಗೆ ಮುಂಚೆ ಬಸುರಾದ ಹೆಣ್ಣುಮಕ್ಕಳು. ಆಮೇಲೆ ಅಧಿಕಾರಿಗಳು, ಪಾದ್ರಿಗಳು, ದೊಡ್ಡ ರೈತರ ಸರದಿಯೂ ಬಂತು. 1893ರಲ್ಲಿ ಮೀಸ್‌ಬಾಖ್‌ನಲ್ಲಿ ನಡೆದದ್ದರ ಬಳಿಕ ಸರ್ಕಾರ ಹಲವರನ್ನು ಸೆರೆಗೆ ತಳ್ಳಿ ಅದನ್ನು ಅಡಗಿಸಿತು. ಜಾನಪದ ವಿದ್ವಾಂಸರು ಇಂಥವನ್ನು ‘ರ‍್ಯೂಗೆಯ ಆಚರಣೆ’ಗಳ ಸಾಲಿಗೆ ಸೇರಿಸುತ್ತಾರೆ. ಅಧಿಕಾರಸ್ಥರನ್ನು ಕೇಳುವವರಿಲ್ಲದ ಕಾಲದಲ್ಲಿ ಅದೊಂದು ಬಡವರ ನ್ಯಾಯವಾಗಿತ್ತೆಂದು ಕೆಲವರು ಮೆಚ್ಚಿಕೊಳ್ಳುವುದುಂಟು. ನನಗೆ ಆ ಮೆಚ್ಚುಗೆ ಸಾಧ್ಯವಾಗುವುದಿಲ್ಲ. ಕತ್ತಲಲ್ಲಿ ಮುಖ ಮುಚ್ಚಿ, ಒಬ್ಬಂಟಿ ಹೆಣ್ಣಿನ ಬಾಗಿಲ ಮುಂದೆ ಕೂಗಿದವರು ಉತ್ತರಕ್ಕೆ ಅವಕಾಶ ಕೊಟ್ಟವರಲ್ಲ. ಇಂದಿನ ರ‍್ಯೂಗೆಯಲ್ಲಿ ಹೆಸರು, ಸಹಿ, ಕಾರಣ, ಪ್ರತ್ಯುತ್ತರಕ್ಕೆ ಸಮಯ ಎಲ್ಲವೂ ಇರಬೇಕೆಂದು ಹಟ ಹಿಡಿಯುವುದು ಆ ರಾತ್ರಿಗಳನ್ನು ಕಂಡ ಸಮಾಜಕ್ಕೆ ಬೇಕಾದದ್ದೇ.

ಉತ್ತರಿಸುವ ದಾರಿ ಮುಚ್ಚಿದರೆ ಕಾಗದದ ರ‍್ಯೂಗೆಯೂ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಪೂರ್ವ ಜರ್ಮನಿ ಸಾಕ್ಷಿ. ಅಲ್ಲಿನ ಆಳುವ ಪಕ್ಷದ ಶಿಕ್ಷೆಗಳಲ್ಲಿ ಎಚ್ಚರಿಕೆಯ ಮೇಲೆ ರ‍್ಯೂಗೆ, ಅದರ ಮೇಲೆ ‘ಕಠಿಣ ರ‍್ಯೂಗೆ’, ಕೊನೆಗೆ ಉಚ್ಚಾಟನೆ. 1976ರ ನವೆಂಬರಿನಲ್ಲಿ ಗಾಯಕ ಕವಿ ವೋಲ್ಫ್ ಬೀರ್‌ಮಾನ್ ಪಶ್ಚಿಮ ಜರ್ಮನಿಯಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ ಸರ್ಕಾರ ಅವರ ಪೌರತ್ವ ಕಿತ್ತುಕೊಂಡಿತು. ಅದನ್ನು ಮರಳಿ ಯೋಚಿಸಿ ಎಂದು ಬಹಿರಂಗ ಪತ್ರ ಬರೆದ ಲೇಖಕರಲ್ಲಿ ಕಾದಂಬರಿಕಾರ್ತಿ ಕ್ರಿಸ್ಟಾ ವೋಲ್ಫ್ ಒಬ್ಬರು. ಪಕ್ಷ ವಿಚಾರಣೆ ನಡೆಸಿ ಅವರಿಗೆ ಕಠಿಣ ರ‍್ಯೂಗೆ ಕೊಟ್ಟಿತು, ಪತಿ ಗೆರ್‌ಹಾರ್ಡ್ ವೋಲ್ಫ್‌ರನ್ನು ಹೊರಹಾಕಿತು. ಆ ಪತ್ರವೂ ಹಳೆಯ ಅರ್ಥದಲ್ಲಿ ಒಂದು ರ‍್ಯೂಗೆಯೇ ಆಗಿತ್ತು. ಕೆಳಗಿನಿಂದ ಮೇಲಕ್ಕೆ ಹೋದ ರ‍್ಯೂಗೆಗೆ ಸರ್ಕಾರ ಮೇಲಿನಿಂದ ರ‍್ಯೂಗೆ ಸುರಿಯಿತು. ಮೇಲ್ಮನವಿಗೆ ಸ್ವತಂತ್ರವಾದ ಜಾಗ ಇರಲಿಲ್ಲ.

ಸ್ವತಂತ್ರ ನ್ಯಾಯಾಲಯವಿರುವ ಕಡೆ ಅದೇ ಕ್ರಿಯಾಪದ ಆರೋಪಿಯ ಕೈಗೂ ಸಿಗುತ್ತದೆ. ಶಿಕ್ಷೆಗೊಳಗಾದವನ ವಕೀಲರು ಕಾರ್ಲ್ಸ್‌ರೂಹೆಯ ಒಕ್ಕೂಟ ನ್ಯಾಯಾಲಯಕ್ಕೆ ಹೋಗುವಾಗ ತಮ್ಮ ಅರ್ಜಿಯಲ್ಲಿ ಬರೆಯುವುದು ‘ನಾನು ರ‍್ಯೂಗೆನ್ ಮಾಡುತ್ತೇನೆ’ ಎಂದು. ಕೆಳಗಿನ ಪೀಠ ಕಾನೂನನ್ನು ತಪ್ಪಾಗಿ ಅನ್ವಯಿಸಿದೆ ಎನ್ನಲು ಒಂದೇ ಒಂದು ವಾಕ್ಯ ಸಾಕು, ಮೇಲಿನ ಪೀಠ ತೀರ್ಪನ್ನು ಪರಿಶೀಲಿಸಲೇಬೇಕು. ವಿಚಾರಣೆಯ ಕ್ರ‍ಮದಲ್ಲಿ ಲೋಪವಾಗಿದೆ ಎನ್ನುವುದಾದರೆ ಮಾತ್ರ ನಡೆದದ್ದನ್ನೆಲ್ಲ ಕೂದಲೆಳೆಯಷ್ಟೂ ಬಿಡದೆ ಬರೆಯಬೇಕು, ಒಂದು ದಾಖಲೆ ಬಿಟ್ಟರೂ ಆ ತಕರಾರು ಬಿದ್ದುಹೋಗಬಹುದು. ಸಿವಿಲ್ ದಾವೆಗಳಲ್ಲಿ ಕ್ರಮಲೋಪ ಕಂಡಾಗ ಸುಮ್ಮನಿದ್ದು ವಾದ ಮುಂದುವರಿಸಿದವನು ಬಹುಪಾಲು ಲೋಪಗಳ ವಿಷಯದಲ್ಲಿ ಆಮೇಲೆ ಬಾಯಿ ತೆರೆಯುವಂತಿಲ್ಲ. ಮೌನವನ್ನು ಕಾನೂನು ಒಪ್ಪಿಗೆ ಎಂದೇ ಓದುತ್ತದೆ. ಸರಕು ಕೊಂಡ ವ್ಯಾಪಾರಿಗೆ ಇದ್ದ ಕಟ್ಟೇ ಇಲ್ಲೂ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು 2011ರ ಡಿಸೆಂಬರಿನಲ್ಲಿ ಬಂದ ‘ವಿಳಂಬದ ರ‍್ಯೂಗೆ’. ಬಂದೂಕಿನ ಪರವಾನಗಿಯ ಮೊಕದ್ದಮೆಯೊಂದು ಜರ್ಮನ್ ಆಡಳಿತ ನ್ಯಾಯಾಲಯಗಳಲ್ಲಿ ಹದಿಮೂರು ವರ್ಷಕ್ಕೂ ಮೀರಿ ಎಳೆದಾಡಿತ್ತು. ಸ್ಟ್ರಾಸ್‌ಬೂರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಜರ್ಮನಿಯನ್ನು ತಪ್ಪಿತಸ್ಥ ಎಂದಿತು. ಹೀಗೆ ನಿಧಾನವಾದರೆ ಪ್ರಜೆಗೆ ಪರಿಹಾರ ಸಿಗುವ ದಾರಿಯನ್ನು ಒಂದು ವರ್ಷದೊಳಗೆ ಮಾಡಿಕೊಡಿ ಎಂದು ಗಡುವನ್ನೂ ಕೊಟ್ಟಿತು. ಅದರ ಫಲವಾಗಿ ನ್ಯಾಯಾಲಯಗಳ ರಚನೆಯ ಕಾಯಿದೆಗೆ 198ನೇ ಕಲಂ ಸೇರಿತು. ಮೊಕದ್ದಮೆ ಅಸಮಂಜಸವಾಗಿ ನಿಧಾನವಾದರೆ ಹಣದ ರೂಪದ್ದಲ್ಲದ ನಷ್ಟಕ್ಕೆ, ಅಂದರೆ ಕಾದು ಕಾದು ಸವೆದ ಮನಸ್ಸಿಗೆ, ವಿಳಂಬದ ಪ್ರತಿ ವರ್ಷಕ್ಕೆ 1,200 ಯೂರೋ ಪರಿಹಾರ. ಸಂದರ್ಭ ನೋಡಿ ಕೋರ್ಟು ಅದನ್ನು ಏರಿಸಬಹುದು, ಇಳಿಸಬಹುದು. ಷರತ್ತು ಒಂದೇ: ಕಕ್ಷಿದಾರ ತನ್ನ ಮೊಕದ್ದಮೆ ನಡೆಸುತ್ತಿರುವ ಅದೇ ನ್ಯಾಯಾಧೀಶರ ಮುಂದೆ ವಿಳಂಬವನ್ನು ರ‍್ಯೂಗೆನ್ ಮಾಡಿರಬೇಕು.

ನಮ್ಮ ತಾಲ್ಲೂಕು ಕೋರ್ಟುಗಳ ಜಗಲಿಯಲ್ಲಿ ಮುಂದಿನ ತಾರೀಖು ಬರೆಸಿಕೊಂಡು ಬಸ್ಸು ಹಿಡಿಯುವವರನ್ನು ಕಂಡವರಿಗೆ ಈ ಕಲಮಿನ ಬೆಲೆ ವಿವರಿಸಬೇಕಿಲ್ಲ. ನ್ಯಾಯಾಧೀಶರೇ ತಡಮಾಡುತ್ತಿದ್ದಾರೆ ಎಂದು ಅವರ ಕಡತದಲ್ಲೇ ಬರೆಸುವುದು ಉದ್ಧಟತನವಲ್ಲ, ಕಾನೂನು ಗೊತ್ತುಮಾಡಿದ ಹೆಜ್ಜೆ ಎಂದಾಗಬೇಕಾದರೆ ಅದಕ್ಕೊಂದು ದ್ವೇಷವಿಲ್ಲದ ಕ್ರಿಯಾಪದ ಬೇಕು. ದನಿ ಏರಿಸದ, ವ್ಯಕ್ತಿಯನ್ನು ಹೀಗಳೆಯದ, ತಪ್ಪನ್ನಷ್ಟೇ ಹೆಸರಿಸುವ ಆ ಪದ ಜರ್ಮನರ ಬಳಿ ಸಿದ್ಧವಾಗಿತ್ತು. ಆ ರ‍್ಯೂಗೆಯನ್ನು ಮೊಕದ್ದಮೆ ಹೂಡಿದ ಮರುದಿನವೇ ಸಲ್ಲಿಸುವಂತಿಲ್ಲ, ತಕ್ಕ ಸಮಯದಲ್ಲಿ ಮುಗಿಯದೆಂಬ ಆತಂಕಕ್ಕೆ ಕಾರಣವಿರಬೇಕು. ಸಲ್ಲಿಸಿದ ಆರು ತಿಂಗಳ ನಂತರ ಪರಿಹಾರಕ್ಕೆ ದಾವೆ ಹೂಡಬಹುದು. ಅಷ್ಟರಲ್ಲೂ ಕಡತ ಅಲುಗಾಡದಿದ್ದರೆ ಅದೇ ರ‍್ಯೂಗೆಯನ್ನು ಇನ್ನೊಮ್ಮೆ ಸಲ್ಲಿಸಲು ಕಾಯಿದೆ ಅವಕಾಶ ಕೊಟ್ಟಿದೆ.